ಮುಂಚಕ್ರದ ಮೋಟಾರು, ಕೆಂಗೇರಿ–ಜಯನಗರ: ಎಲ್ಲಿ ಕೆಟ್ಟಿತು, ಹೇಗೆ ಸರಿಹೋಯಿತು

ಹಳೇ ಸ್ಟೀಲ್ ಸೈಕಲ್ಲಿನ ಮುಂಚಕ್ರಕ್ಕೆ ಹಬ್ ಮೋಟಾರು (ಚಕ್ರದ ನಡುವೆಯೇ ಕೂರುವ ಕರೆಂಟ್ ಮೋಟಾರು) ಬೇಡ ಎಂದು ಹೇಳದವರಿಲ್ಲ. ಫೋರ್ಕ್ (ಮುಂಚಕ್ರ ಹಿಡಿದಿರುವ ಕವಲು) ಕಿತ್ತುಕೊಂಡು ಬರುತ್ತೆ, ಮಳೆಯಲ್ಲಿ ಜಾರುತ್ತೆ, ಆರು ತಿಂಗಳಿಗೆ ಗುಜರಿ ಸೇರುತ್ತೆ ಅಂದರು. ಆದರೂ ಹಾಕಿ, ಅದರಲ್ಲೇ ಓಡಾಡುತ್ತಿದ್ದೇನೆ. ಕೆಂಗೇರಿ ಉಪನಗರದಿಂದ ಜಯನಗರ 4ನೇ ಬ್ಲಾಕಿಗೆ ನನ್ನ ಲೆಕ್ಕದಲ್ಲಿ 13 ಕಿ.ಮೀ., ಬರುವಾಗ ಮತ್ತೆ ಅಷ್ಟೇ. ಎರಡು ಮಳೆಗಾಲ ಮುಗಿದಿವೆ, ಮೀಟರು 9 ಸಾವಿರ ದಾಟಿದೆ. ಮೋಟಾರು ಕಿಟ್ ಜೋಡಿಸುವ ವಿಧಾನ ಇಲ್ಲಿ ಹೇಳುತ್ತಿಲ್ಲ. ಎಲ್ಲೆಲ್ಲಿ ಕೈಕೊಟ್ಟಿತು, ಎಷ್ಟು ದುಡ್ಡು ನೀರಿಗೆ ಹೋಯಿತು, ಏನು ಮಾಡಿದ ಮೇಲೆ ಸರಿಹೋಯಿತು ಎನ್ನುವುದಷ್ಟೇ ಇಲ್ಲಿದೆ. ಅಂಕಿಗಳು ನೆನಪಿನಿಂದ ಬರೆದವು, ನೂರಿನ್ನೂರು ಆಚೀಚೆ ಇರಬಹುದು.

ಸೈಕಲ್ಲು 26 ಇಂಚಿನ ಸಿಂಗಲ್ ಸ್ಪೀಡ್, ಸ್ಟೀಲ್ ಫ್ರೇಮು, ಕಾಟರ್ ಪಿನ್ ಕ್ರ್ಯಾಂಕು (ಪೆಡಲಿನ ತೋಳನ್ನು ಬೆಣೆ ಹೊಡೆದು ಕೂರಿಸಿದ್ದು). ಮೋಟಾರು 36 ವೋಲ್ಟ್, 250 ವ್ಯಾಟ್, ಒಳಗೆ ಗೇರ್ ಇರುವ ಜಾತಿ, ಎರಡೂವರೆ ಕೆ.ಜಿ. ಒಳಗೇ ಇದೆ. ಗೇರಿಲ್ಲದ್ದು ಅದರ ಎರಡರಷ್ಟು ತೂಗುತ್ತದೆ, ಕರೆಂಟ್ ಇಲ್ಲದಾಗ ತುಳಿದರೆ ಕೆಸರಿನಲ್ಲಿ ಎತ್ತಿನಗಾಡಿ ಎಳೆದ ಹಾಗಿರುತ್ತದೆ. ವೇಗ ಗಂಟೆಗೆ 25 ಕಿ.ಮೀ.ಗೆ ಲಾಕ್. ಆ ಮಿತಿ ಬಿಚ್ಚುವ ಆಸೆ ಇರುವವರು ಸ್ಕೂಟರ್ ತೆಗೆದುಕೊಳ್ಳುವುದು ಒಳ್ಳೆಯದು.

ಮೊದಲ ಪೆಟ್ಟು ಬಿದ್ದದ್ದು ಫೋರ್ಕಿಗೆ. ಸೈಕಲ್ಲಿನ ಜೊತೆ ಬಂದದ್ದು ಅಗ್ಗದ ಶಾಕ್ ಫೋರ್ಕು, ಅದರ ಡ್ರಾಪೌಟ್, ಅಂದರೆ ಚಕ್ರದ ಆಕ್ಸಲ್ (ಅಚ್ಚು) ಕೂರುವ ಸೀಳು, ತೆಳು ತಗಡು. ಮೋಟಾರಿನ ಆಕ್ಸಲ್ 12 ಎಂ.ಎಂ., ಎರಡು ಕಡೆ ಚಪ್ಪಟೆ ಮಾಡಿ 10 ಎಂ.ಎಂ.ಗೆ ಇಳಿಸಿರುತ್ತಾರೆ. ತಿರುಚುವ ಬಲವೆಲ್ಲ ಆ ಎರಡು ಚಪ್ಪಟೆ ಮುಖಗಳ ಮೇಲೇ ಕೂರುತ್ತದೆ. ನಟ್ ಎಷ್ಟು ಬಿಗಿ ಮಾಡಿದರೂ ಏರಿನಲ್ಲಿ ಥ್ರಾಟಲ್ ಒತ್ತಿದಾಗಲೆಲ್ಲ ಡ್ರಾಪೌಟಿನ ಬಾಯಿ ಒಂದೊಂದು ಕೂದಲೆಳೆ ಅಗಲವಾಗುತ್ತಾ ಹೋಯಿತು. ಮೂರನೇ ವಾರ, ನಾಯಂಡಹಳ್ಳಿ ಕಡೆಯಿಂದ ಹೊಸಕೆರೆಹಳ್ಳಿಗೆ ಹತ್ತುವ ಹೊರವರ್ತುಲ ರಸ್ತೆಯ ಏರಿನಲ್ಲಿ ಆಕ್ಸಲ್ ಗಿರ್ರನೆ ತಿರುಗಿತು. ತಿರುಗುವಾಗ ತನ್ನ ವೈರನ್ನು ತಾನೇ ಸುತ್ತಿಕೊಂಡು ಹರಿದುಹಾಕಿತು. ಮೋಟಾರಿಗೆ ಕರೆಂಟ್ ಒಯ್ಯುವ ಹಳದಿ, ಹಸಿರು ಫೇಸ್ ವೈರುಗಳು ಒಂದಕ್ಕೊಂದು ತಾಗಿ, ಆ ಕರೆಂಟನ್ನು ಅಳೆದು ಕೊಡುವ ಕಂಟ್ರೋಲರಿನ ಸ್ವಿಚ್ಚುಗಳಾದ ಮಾಸ್‌ಫೆಟ್ ಸುಟ್ಟವು. 1,600 ರೂಪಾಯಿ ಹೊಗೆ.

ಶಾಕ್ ಫೋರ್ಕ್ ಕಿತ್ತು ಸಾದಾ ಸ್ಟೀಲ್ ಫೋರ್ಕ್ ಹಾಕಿದೆ, ಬ್ರೇಕ್ ಬಾಸ್ (ಬ್ರೇಕ್ ಕೂರಿಸುವ ಗೂಟ) ಇರುವಂಥದ್ದು, 650 ರೂಪಾಯಿ. ಟಾರ್ಕ್ ಆರ್ಮ್ (ಆಕ್ಸಲ್ ತಿರುಗದಂತೆ ಫೋರ್ಕಿಗೆ ಕಟ್ಟಿ ಹಿಡಿಯುವ ಪಟ್ಟಿ) ಎರಡೂ ಕಡೆಗೆ ಒಂದೊಂದು. ಕಿಟ್ ಜೊತೆ ಬರುವ ಮೂರು ಎಂ.ಎಂ. ತಗಡು ಬೇಡ. ಕಾಮಾಕ್ಷಿಪಾಳ್ಯದಲ್ಲಿ ಆರು ಎಂ.ಎಂ. ಮೈಲ್ಡ್ ಸ್ಟೀಲಿನಲ್ಲಿ ಲೇಸರ್ ಕಟಿಂಗ್ ಮಾಡಿಸಿದೆ, ಜೋಡಿಗೆ 400 ಆಯಿತು. ತೂತನ್ನು 9.9 ಎಂ.ಎಂ.ಗೆ ಕಟ್ ಮಾಡಿಸಿ, ಚಪ್ಪಟೆ ಅರದಲ್ಲಿ ನಾಲ್ಕೈದು ಸಲ ಉಜ್ಜಿ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಮಾತ್ರ ಕೂರುವ ಹಾಗೆ ಮಾಡಿದ್ದೇನೆ. ಕೈಯಲ್ಲಿ ಸಲೀಸಾಗಿ ಕೂತರೆ ಅದು ಟಾರ್ಕ್ ಆರ್ಮ್ ಅಲ್ಲ, ಅಲಂಕಾರ. ಇನ್ನೊಂದು ತುದಿಯನ್ನು ಹೋಸ್ ಕ್ಲ್ಯಾಂಪಿನಿಂದ ಕಟ್ಟುತ್ತಾರೆ. ತಿಂಗಳೊಪ್ಪತ್ತಿಗೆ ಅದು ಬಣ್ಣ ಕೆರೆದುಕೊಂಡು ಕೆಳಗಿಳಿಯುತ್ತದೆ. ಅದನ್ನು ಇಳಿಯದಂತೆ ನಿಲ್ಲಿಸಿದ ಉಪಾಯ ನನ್ನ ಹತ್ತಿರವೇ ಇರಲಿ. ವೆಲ್ಡಿಂಗ್ ಅಲ್ಲ, ಇಷ್ಟು ಹೇಳಬಲ್ಲೆ.

ನಿಜವಾದ ಪರಿಹಾರ ಕಬ್ಬಿಣದಲ್ಲಿ ಇರಲಿಲ್ಲ, ಕಂಟ್ರೋಲರಿನಲ್ಲಿತ್ತು. 15 ಆಂಪಿಯರ್ ಮಿತಿಯನ್ನು ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 12ಕ್ಕೆ ಇಳಿಸಿದೆ, ಸ್ಟಾರ್ಟಿಂಗ್ ಅನ್ನು ಅತಿ ಮೆಲ್ಲಗೆ ಎನ್ನುವ ಹಂತಕ್ಕೆ ತಂದೆ. ಏರಿನಲ್ಲಿ ವೇಗ 20ರಿಂದ 16ಕ್ಕೆ ಇಳಿಯಿತು. ಆದರೆ ಒದ್ದೆ ಮಣ್ಣಿನಲ್ಲಿ ಮುಂಚಕ್ರ ಸುಮ್ಮನೆ ಗಿರಗುಟ್ಟುವುದು ನಿಂತಿತು, ಆಕ್ಸಲ್ ಆಮೇಲೆ ಮಿಸುಕಿಲ್ಲ. ಎಲ್ಲರೂ ಆಂಪಿಯರ್ ಏರಿಸಲು ಕಂಟ್ರೋಲರಿನೊಳಗೆ ಕರೆಂಟ್ ಅಳೆಯುವ ಶಂಟಿಗೆ ಸೀಸ ಬಳಿಯುತ್ತಾರೆ. ಮುಂಚಕ್ರದ ಮೋಟಾರಿಗೆ ಬೇಕಾದದ್ದು ತದ್ವಿರುದ್ಧ.

ಹೆಚ್ಚು ದುಡ್ಡು ನುಂಗಿದ್ದು ಬ್ಯಾಟರಿ. ಹೇಳಲು ನಾಚಿಕೆ. ಮೊದಲು ಮೂರು 12 ವೋಲ್ಟ್, 7 ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಎನ್ನುವ ಅಳತೆ) ಲೆಡ್ ಆ್ಯಸಿಡ್, 2,700 ರೂಪಾಯಿ, ಹತ್ತಿರ ಹತ್ತಿರ ಏಳು ಕೆ.ಜಿ. ಆ 7 ಎನ್ನುವುದು ಇಪ್ಪತ್ತು ಗಂಟೆ ನಿಧಾನಕ್ಕೆ ಹಿಂಡಿದಾಗಿನ ಲೆಕ್ಕ. 8–10 ಆಂಪಿಯರ್ ಎಳೆದರೆ ಸಿಗುವುದು ನಾಲ್ಕು. ಹೋಗುವುದಕ್ಕೆ ಸಾಲದು, ಬರುವ ಮಾತು ದೂರ.

ಆಮೇಲೆ ಹಳೇ ಲ್ಯಾಪ್‌ಟಾಪ್ ಸೆಲ್ಲುಗಳು, ಎಸ್‌.ಪಿ. ರೋಡಿನಿಂದ, ಒಟ್ಟು 1,800. ಮಲ್ಟಿಮೀಟರಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡವು. ಲೋಡ್ ಬಿದ್ದರೆ ಹತ್ತು ಸಾಲುಗಳಲ್ಲಿ ಏಳನೆಯದು ಮಾತ್ರ 2.8 ವೋಲ್ಟಿಗೆ ಕುಸಿಯುತ್ತಿತ್ತು. ಮಿಕ್ಕ ಒಂಬತ್ತು ಸಾಲು 3.7ರಲ್ಲಿದ್ದರೂ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟು) ಕಟ್ ಮಾಡಿಬಿಡುತ್ತಿತ್ತು. ಹೊರಗಿನಿಂದ 36 ವೋಲ್ಟ್ ತೋರಿಸುತ್ತಲೇ ಸೈಕಲ್ಲು ಸತ್ತರೆ ಇದೇ ಕಾಯಿಲೆ. ಸೆಲ್ಲಿನ ಒಳರೋಧ ಅಳೆಯದೆ ಹಳೇ ಸೆಲ್ ಜೋಡಿಸುವುದು ಕಣ್ಣು ಕಟ್ಟಿಕೊಂಡು ಬಾವಿಗೆ ಬೀಳುವ ಕೆಲಸ.

ಮೂರನೆಯದು ಆನ್‌ಲೈನಿನಲ್ಲಿ ಕೊಂಡ ರೆಡಿಮೇಡ್, 10 ಆಂಪಿಯರ್-ಅವರ್ ಎಂದು ಅಂಟಿಸಿದ್ದ 8,500 ರೂಪಾಯಿಯ ಪೆಟ್ಟಿಗೆ. ಪರೀಕ್ಷೆ ಸುಲಭ: 12 ವೋಲ್ಟ್, 55 ವ್ಯಾಟಿನ ಮೂರು ಕಾರ್ ಹೆಡ್‌ಲೈಟ್ ಬಲ್ಬುಗಳನ್ನು ಸೀರೀಸಿನಲ್ಲಿ ಹಾಕಿದರೆ ನಾಲ್ಕೂವರೆ ಆಂಪಿಯರ್ ಎಳೆಯುತ್ತವೆ. 10 ಇದ್ದಿದ್ದರೆ ಎರಡು ಗಂಟೆ ದಾಟಬೇಕಿತ್ತು. 80 ನಿಮಿಷಕ್ಕೆ ಕತ್ತಲೆ, ಅಂದರೆ ಆರು ಚಿಲ್ಲರೆ. ಮೂರು ಬಲ್ಬಿನ ಈ ಪರೀಕ್ಷೆ ಮಾಡದೆ ಯಾವ ಬ್ಯಾಟರಿಗೂ ದುಡ್ಡು ಕೊಡಬೇಡಿ. ಬಲ್ಬು ವಿಪರೀತ ಕಾಯುತ್ತವೆ, ಇಟ್ಟಿಗೆ ಮೇಲಿಡಿ.

ಕೊನೆಗೆ ನಿಂತದ್ದು ಹೊಸ 18650 ಲಿಥಿಯಂ ಸೆಲ್ಲುಗಳು (ಒಂದೊಂದೂ 2.5 ಆಂಪಿಯರ್-ಅವರ್), ಹತ್ತು ಸಾಲು, ಸಾಲಿಗೆ ನಾಲ್ಕು, ಒಟ್ಟು ನಲವತ್ತು. ಸೆಲ್ಲಿಗೆ 190ರಂತೆ 7,600, ಬಿಎಂಎಸ್ 700, ನಿಕಲ್ ಪಟ್ಟಿ, ಹೋಲ್ಡರ್, ಬಾರ್ಲಿ ಪೇಪರ್ (ಕರೆಂಟ್ ತಾಗದಂತೆ ತಡೆಯುವ ಕಾಗದ), ಸ್ಪಾಟ್ ವೆಲ್ಡಿಂಗ್ ಸೇರಿ 900. ಮೊದಲು ಹಿಂದಿನ ಕ್ಯಾರಿಯರ್ ಮೇಲಿಟ್ಟಿದ್ದೆ, ಎರಡು ತಿಂಗಳಿಗೆ ಒಂದು ಪಟ್ಟಿ ಬಿರುಕು ಬಿಟ್ಟಿತು. ಹಂಪು ಹಾರಿದಾಗ ಕ್ಯಾರಿಯರ್ ತುದಿ ತಿನ್ನುವ ಪೆಟ್ಟು ಫ್ರೇಮಿನ ಮಧ್ಯ ತಿನ್ನುವುದಿಲ್ಲ. ಈಗ ತ್ರಿಕೋನದೊಳಗೆ ಅಲ್ಯೂಮಿನಿಯಂ ಡಬ್ಬಿ, ಸುತ್ತ 10 ಎಂ.ಎಂ. ಫೋಮು. ಪಟ್ಟಿಯನ್ನು ನೇರ ಎಳೆಯದೆ ಸೆಲ್ಲಿನಿಂದ ಸೆಲ್ಲಿಗೆ ಒಂದಿಷ್ಟು ಉಬ್ಬು ಬಿಟ್ಟು ಬೆಸುಗೆ ಹಾಕಿಸಿದ್ದೇನೆ.

ಚಾರ್ಜರು 42 ವೋಲ್ಟ್, 2 ಆಂಪಿಯರ್. ಒಳಗಿನ ಟ್ರಿಮ್ ಪಾಟ್ (ವೋಲ್ಟೇಜ್ ಹೊಂದಿಸುವ ಪುಟ್ಟ ತಿರುಪು) ತಿರುಗಿಸಿ 41ಕ್ಕೆ ನಿಲ್ಲಿಸಿದ್ದೇನೆ, ಸೆಲ್ಲಿಗೆ 4.1. ದಿನದ 26 ಕಿ.ಮೀ.ಗೆ ಅದೇ ಸಾಕು, ಆಯಸ್ಸೂ ಹೆಚ್ಚು. ಆದರೆ ಬಿಎಂಎಸ್ ಸಾಲುಗಳನ್ನು ಸಮ ಮಾಡುವುದು 4.2ರ ಹತ್ತಿರ ಹೋದಾಗಲೇ. ಹಾಗಾಗಿ ತಿಂಗಳಿಗೊಂದು ಸಲ ಬೇರೆ ಚಾರ್ಜರಿನಲ್ಲಿ 42ರವರೆಗೆ ತುಂಬಿಸಿ ರಾತ್ರಿಯಿಡೀ ಬಿಡುತ್ತೇನೆ. ಇದನ್ನು ಮರೆತ ಒಂದು ಬೇಸಿಗೆಯಲ್ಲಿ ಸಾಲುಗಳ ನಡುವೆ 0.15 ವೋಲ್ಟ್ ವ್ಯತ್ಯಾಸ ಬೆಳೆದಿತ್ತು.

ತುಳಿಯುವುದನ್ನು ಕಂಡು ಮೋಟಾರು ಎಬ್ಬಿಸುವ ಪೆಡಲ್ ಸೆನ್ಸರಿನದು ಸಣ್ಣ ತಕರಾರು. ಹನ್ನೆರಡು ಮ್ಯಾಗ್ನೆಟ್ಟಿನ ಬಿಲ್ಲೆ ಚೌಕ ಆಕ್ಸಲಿಗೆಂದು ಮಾಡಿದ್ದು, ಕಾಟರ್ ಪಿನ್ ಕ್ರ್ಯಾಂಕಿಗೆ ಕೂರುವುದಿಲ್ಲ. ಎರಡು ಹೋಳಾಗುವ ಬಿಲ್ಲೆ ತರಿಸಿ. ಸೆನ್ಸರಿಗೂ ಮ್ಯಾಗ್ನೆಟ್ಟಿಗೂ ನಡುವೆ ಎರಡು-ಮೂರು ಎಂ.ಎಂ. ಬಿಟ್ಟು ಎಪಾಕ್ಸಿ ಹಾಕಿ, ಬಾಣದ ಗುರುತು ನೋಡಿಕೊಳ್ಳಿ. ತಿರುಗುಮುರುಗಾದರೆ ಮುಂದಕ್ಕೆ ತುಳಿದಾಗ ಮೋಟಾರು ಏಳುವುದೇ ಇಲ್ಲ.

ಮಳೆಯಲ್ಲಿ ನಿಜವಾಗಿ ಹೆದರಿಸಿದ್ದು ಮೋಟಾರಲ್ಲ, ಬ್ರೇಕು. ಸ್ಟೀಲ್ ರಿಮ್ ಒದ್ದೆಯಾದರೆ ರಬ್ಬರಿಗೆ ಹಿಡಿತವೇ ಇರುವುದಿಲ್ಲ, 20ರ ವೇಗದಲ್ಲಿ ಬ್ರೇಕ್ ಹಿಡಿದರೆ ಒಂದು ಬಸ್ಸಿನ ಉದ್ದ ಮುಂದೆ ಹೋಗಿ ನಿಲ್ಲುತ್ತದೆ. 36 ತೂತಿನ ಡಬಲ್ ವಾಲ್ ಅಲಾಯ್ ರಿಮ್ಮಿಗೆ 13 ಗೇಜಿನ ಕಡ್ಡಿ ಹಾಕಿಸಿದೆ, ಹೆಣೆಯುವ ಕೂಲಿ ಸೇರಿ 1,500. ಹಬ್ಬಿನ ಅಂಚು ದೊಡ್ಡದಿರುವುದರಿಂದ ಒಂದೇ ಕ್ರಾಸ್ (ಒಂದು ಕಡ್ಡಿ ಇನ್ನೊಂದನ್ನು ಒಮ್ಮೆ ಮಾತ್ರ ದಾಟುವ ಹೆಣಿಗೆ) ಸಾಕು. ಮೂರು ಕ್ರಾಸ್ ಹೆಣೆದರೆ ಕಡ್ಡಿ ನಿಪ್ಪಲಿನ ಹತ್ತಿರ ಡೊಂಕಾಗಿ ಅಲ್ಲೇ ಮುರಿಯುತ್ತದೆ. ಮೊದಲ ಸಲ ಹೆಣೆದ ಮೆಕ್ಯಾನಿಕ್ಕು ಕೇಳಲಿಲ್ಲ, ಐದು ಕಡ್ಡಿ ಹೋದವು. 200 ಕಿ.ಮೀ. ಓಡಿದ ಮೇಲೆ ಒಮ್ಮೆ ಬೆಂಡ್ ತೆಗೆಸಿ ಎಲ್ಲ ಕಡ್ಡಿ ಬಿಗಿ ಮಾಡಿಸಲೇಬೇಕು.

ಕಂಟ್ರೋಲರನ್ನು ವೈರು ಕೆಳಮುಖವಾಗಿ ನೇತುಹಾಕಿ. ಪ್ರತಿ ವೈರಿಗೂ ಒಂದು ಜೋಲು ಬಿಟ್ಟರೆ ನೀರು ಅಲ್ಲಿಂದ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ. ಹಬ್ಬಿಗೆ ನೀರು ನುಗ್ಗುವುದು ಆಕ್ಸಲಿನಲ್ಲಿ ವೈರು ಹೊರಬರುವ ಬಾಯಿಯಿಂದ. ಮೋಟಾರು ನಡುಗಿ ನಿಂತರೆ, ಅದರ ಸುತ್ತನ್ನು ಕಂಟ್ರೋಲರಿಗೆ ತಿಳಿಸುವ ಹಾಲ್ ಸೆನ್ಸರ್ ನೋಡಿ: 5 ವೋಲ್ಟ್ ಕೊಟ್ಟು ಚಕ್ರ ಮೆಲ್ಲಗೆ ಹಿಂದಕ್ಕೆ ತಿರುಗಿಸಿದರೆ ಮೂರೂ ವೈರುಗಳಲ್ಲಿ 0 ಮತ್ತು 5ರ ನಡುವೆ ಹಾರಬೇಕು, ಒಂದು ಸುಮ್ಮನೆ ಕೂತಿದ್ದರೆ ಅದೇ ಹೋಗಿದೆ. ವೈರು ಹೊರಬರುವ ಆ ಬಾಯಿಗೆ ನಾನು ತುಂಬಿದ್ದು ಸಿಲಿಕೋನ್ ಅಲ್ಲ. ಸಿಲಿಕೋನ್ ಒಂದೇ ಮಳೆಗೆ ಎದ್ದುಬರುತ್ತದೆ. ಏನು ಎನ್ನುವುದನ್ನು ಊಹಿಸಿಕೊಳ್ಳಿ, ಅಡುಗೆಮನೆಯಲ್ಲೇ ಇದೆ.

ನಡುವೆ ಟೆರೇಸಿನಲ್ಲಿ 100 ವ್ಯಾಟ್ ಸೋಲಾರ್ ಪ್ಯಾನೆಲ್ ಇಟ್ಟು, ವೋಲ್ಟೇಜ್ ಏರಿಸುವ ಸರ್ಕ್ಯೂಟಿನಿಂದ ಚಾರ್ಜ್ ಮಾಡಿ ನೋಡಿದೆ. ಒಳ್ಳೇ ಬಿಸಿಲಿನಲ್ಲಿ 65 ವ್ಯಾಟ್ ಬಂತು. ಆದರೆ ಬಿಸಿಲಿದ್ದಾಗ ಸೈಕಲ್ಲು ಜಯನಗರದಲ್ಲಿ, ಪ್ಯಾನೆಲ್ಲು ಕೆಂಗೇರಿಯಲ್ಲಿ! ಈಗ ಅದು ಸಂಪಿನ ಹತ್ತಿರದ ದೀಪಕ್ಕೆ. ಮೆಟ್ರೊದಲ್ಲಿ ಮಡಚುವ ಸೈಕಲ್ ಒಯ್ಯುವುದನ್ನೂ ಯೋಚಿಸಿದ್ದೆ. ಕೆಂಗೇರಿಯ ನೇರಳೆ ಮಾರ್ಗದಿಂದ ಜಯನಗರದ ಹಸಿರಿಗೆ ಮೆಜೆಸ್ಟಿಕ್ ಸುತ್ತಿ ಹೋಗುವಷ್ಟರಲ್ಲಿ ಸೈಕಲ್ಲಿನಲ್ಲಿ ನೇರ 40 ನಿಮಿಷಕ್ಕೆ ಮುಟ್ಟಿರುತ್ತೇನೆ. ಸಂಜೆ ಕಾರಿನಲ್ಲಿ ಅದೇ ದಾರಿ ಒಂದು ಗಂಟೆ.

ಒಟ್ಟು ಕೆಲಸಕ್ಕೆ ಬಂದ ಸಾಮಾನು: ಕಿಟ್ 10,500, ಮೇಲೆ ಹೇಳಿದ ಫೋರ್ಕು, ಟಾರ್ಕ್ ಆರ್ಮ್, ರಿಮ್ಮು, ಕೊನೆಯ ಬ್ಯಾಟರಿಯ ಖರ್ಚು, ಚಾರ್ಜರು 1,100, ಟೈರು 1,400, ದೀಪ ಮಡ್‌ಗಾರ್ಡ್ 800, ಎಲ್ಲ ಸೇರಿ 25 ಸಾವಿರ ಚಿಲ್ಲರೆ. ಹಾಳಾದದ್ದು ಹದಿನಾಲ್ಕೂವರೆ ಸಾವಿರ. ಕಾರಿಗೆ ಈ ದಾರಿಯಲ್ಲಿ ದಿನಕ್ಕೆ ಎರಡು ಲೀಟರಿನ ಮೇಲೆ, 220 ರೂಪಾಯಿ ಬೇಕಿತ್ತು. ಸೈಕಲ್ಲಿಗೆ ಯೂನಿಟ್ಟಿನ ಮೂರನೇ ಒಂದು ಭಾಗ, ಎರಡೂವರೆ ರೂಪಾಯಿ. ತಿಂಗಳಿಗೆ ಇಪ್ಪತ್ತು ದಿನದಂತೆ, ಹಾಳಾದದ್ದೂ ಸೇರಿ ಎಲ್ಲ ಒಂಬತ್ತು-ಹತ್ತು ತಿಂಗಳಲ್ಲಿ ವಾಪಸ್ ಬಂತು. ಕಾರಿನ ವಿಮೆ, ಸರ್ವಿಸು ಇದಕ್ಕೆ ಸೇರಿಸಿಲ್ಲ, ಕಾರಿನ್ನೂ ಮನೆಯಲ್ಲೇ ಇದೆ. ಮೂರು ವಾರ ಮುಟ್ಟದಿದ್ದರೆ ಅದರ ಬ್ಯಾಟರಿ ಕೂರುತ್ತದೆ, ನೆಗೆಟಿವ್ ಟರ್ಮಿನಲ್ ಬಿಚ್ಚಿಡುವುದು ಅಭ್ಯಾಸವಾಗಿದೆ.

ಪಂಕ್ಚರ್ ಬಗ್ಗೆ ಕೇಳುವವರಿಗೆ: ಮುಂಚಕ್ರ ಬಿಚ್ಚಲೇಬೇಡಿ. ಸೈಕಲ್ ಮಲಗಿಸಿ, ವೈರಿಲ್ಲದ ಕಡೆಯಿಂದ ಟೈರಿನ ಅಂಚು ಎತ್ತಿ, ಟ್ಯೂಬನ್ನು ಒಂದು ಗೇಣು ಹೊರಗೆಳೆದು ಅಲ್ಲೇ ಪ್ಯಾಚ್ ಹಾಕಿ. ಹತ್ತು ನಿಮಿಷ. ಟೈರಿಗೂ ಟ್ಯೂಬಿಗೂ ನಡುವೆ ಲೈನರ್ ಹಾಕಿ 50 ಪಿಎಸ್‌ಐ ಗಾಳಿ ಇಟ್ಟ ಮೇಲೆ, ನೆನಪಿದ್ದಂತೆ, ಮುಂಚಕ್ರಕ್ಕೆ ಮೂರೇ ಸಲ ಪಂಕ್ಚರ್ ಆಗಿದೆ. ಹಿಂದಿನ ಚಕ್ರದ ಲೆಕ್ಕ ಇಟ್ಟಿಲ್ಲ.