ಇಂಟರ್ವ್ಯೂ ರೂಮಲ್ಲಿ ಏನಾಯ್ತು? ಯೂನಿವರ್ಸಿಟಿ ಆಯ್ಕೆ ಸಮಿತಿಯ ನಡಾವಳಿ ತರಿಸ್ಕೊಳ್ಳೋದು ಹೀಗೆ

ನೆಟ್ಟೋ ಕೆಸೆಟ್ಟೋ ಅನ್ನೋ ಅಧ್ಯಾಪಕರ ಅರ್ಹತಾ ಪರೀಕ್ಷೆ ಪಾಸ್ ಮಾಡಿ, ಪಿಎಚ್‌ಡಿ ಮುಗಿಸಿ, ವರ್ಷಗಟ್ಟಲೆ ಗೆಸ್ಟ್ ಫ್ಯಾಕಲ್ಟಿಯಾಗಿ ದುಡಿದು, ಕೊನೆಗೊಂದು ಪರ್ಮನೆಂಟ್ ಹುದ್ದೆಗೆ ಇಂಟರ್ವ್ಯೂ ಕೊಟ್ಟು ಬಂದವರಿಗೆ ಮುಂದೆ ಕಾಡೋದು ಒಂದೇ ಪ್ರಶ್ನೆ, ನಾನು ಹೊರಗೆ ಬಂದ್ಮೇಲೆ ಒಳಗೆ ಏನ್ ಮಾತಾಡ್ಕೊಂಡ್ರು, ಎಷ್ಟು ಮಾರ್ಕ್ಸ್ ಹಾಕಿದ್ರು ಅಂತ. ಅಮೆರಿಕದ ಹಲವು ರಾಜ್ಯಗಳಲ್ಲಿ ಸರ್ಕಾರಿ ಸಮಿತಿಗಳ ಸಭೆಗೆ ಜನ ಬಂದು ಕೂರಬಹುದು ಅನ್ನೋ ಕಾನೂನೇ ಇದೆ, ಆದ್ರೂ ಅಲ್ಲಿ ಫ್ಲೋರಿಡಾದವರು 2022ರಲ್ಲಿ ಯೂನಿವರ್ಸಿಟಿ ಅಧ್ಯಕ್ಷರ ಹುದ್ದೆಗೆ ಅರ್ಜಿ ಹಾಕಿದವರ ಹೆಸರನ್ನ ಗುಟ್ಟಾಗಿಡೋಕೆ ತಿದ್ದುಪಡಿ ತಂದ್ರು. ನಮ್ಮಲ್ಲಿ ಸಭೆಯ ಬಾಗಿಲು ತೆಗೆಸೋ ಅಂಥ ಕಾನೂನಿಲ್ಲ. ಆದ್ರೆ ಸಭೆಯ ಕಾಗದ ಹೊರಗೆ ತರಿಸೋಕೆ ಮಾಹಿತಿ ಹಕ್ಕು ಕಾಯ್ದೆ 2005 (ಆರ್‌ಟಿಐ) ಇದೆ, ಅದನ್ನ ಸರಿಯಾಗಿ ಬಳಸೋದು ಹೇಗೆ ಅಂತ ನೋಡೋಣ.

ಮೊದ್ಲು ಅರ್ಜಿ ಹಾಕೋಕೆ ಹೋಗ್ಬೇಡಿ, ಯೂನಿವರ್ಸಿಟಿ ವೆಬ್‌ಸೈಟ್ ತೆಗೀರಿ. ಕಾಯ್ದೆಯ 4(1)(ಬಿ) ಕಲಂ ಅಡಿ ಪ್ರತಿ ಸಾರ್ವಜನಿಕ ಸಂಸ್ಥೆಯೂ ತನ್ನ ಮಂಡಳಿ, ಸಮಿತಿಗಳ ವಿವರ ತಾನಾಗೇ ಪ್ರಕಟಿಸಬೇಕು, ಆ ಸಭೆಗಳು ಜನರಿಗೆ ತೆರೆದಿವೆಯಾ, ಇಲ್ಲ ಅಂದ್ರೆ ಅವುಗಳ ನಡಾವಳಿ, ಅಂದ್ರೆ ಸಭೆಯಲ್ಲಿ ಆಗಿದ್ದರ ಲಿಖಿತ ದಾಖಲೆ, ಜನರಿಗೆ ಸಿಗತ್ತಾ ಅನ್ನೋದನ್ನೂ ಹೇಳ್ಬೇಕು. ಅಲ್ಲಿ ಏನು ಬರೆದಿದೆ ಅಂತ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಏನೂ ಬರೆದಿಲ್ಲ ಅಂದ್ರೂ ತೆಗೆದಿಟ್ಕೊಳ್ಳಿ, ಮೇಲ್ಮನವಿ ಹೊತ್ತಲ್ಲಿ ಬೇಕಾಗತ್ತೆ.

ಎರಡನೇದು, ಸಮಿತಿ ಯಾವ ನಿಯಮದ ಪ್ರಕಾರ ನಡೀಬೇಕಿತ್ತು ಅನ್ನೋದು. ಇದನ್ನ ಓದ್ದೇ ಅರ್ಜಿ ಹಾಕಿದ್ರೆ ಏನು ಕೇಳ್ಬೇಕು ಅಂತಾನೇ ಗೊತ್ತಾಗಲ್ಲ, ಹಾಗಾಗಿ ಒಂದು ಸಂಜೆ ಕೂತು ಓದಿ. ಯುಜಿಸಿ, ಅಂದ್ರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, 2018ರ ನಿಯಮಾವಳಿಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಯ್ಕೆ ಸಮಿತಿಗೆ ಕುಲಪತಿ ಇಲ್ಲವೇ ಅವರು ನೇಮಿಸಿದವರು ಅಧ್ಯಕ್ಷರು, ಜೊತೆಗೆ ಮೂವರು ವಿಷಯ ತಜ್ಞರು, ಡೀನ್, ವಿಭಾಗದ ಮುಖ್ಯಸ್ಥರು ಹೀಗೆ. ಕೋರಂ, ಅಂದ್ರೆ ಸಭೆ ನಡೆಸೋಕೆ ಬೇಕಾದಷ್ಟು ಹಾಜರಾತಿ, ಆಗ್ಬೇಕಂದ್ರೆ ಕನಿಷ್ಠ ನಾಲ್ಕು ಜನ ಇರ್ಬೇಕು, ಅದರಲ್ಲಿ ಇಬ್ಬರು ಹೊರಗಿನ ತಜ್ಞರು. ಇನ್ನೊಂದು ಮುಖ್ಯವಾದ ಮಾತು ಅದರಲ್ಲಿದೆ: ಸಮಿತಿ ಸಭೆ ಮುಗಿಯೋ ದಿನವೇ ನಡಾವಳಿ, ಅಂಕಪಟ್ಟಿ, ಶಿಫಾರಸು ಎಲ್ಲ ಬರೆದು ಸದಸ್ಯರೆಲ್ಲ ಸಹಿ ಹಾಕ್ಬೇಕು. ಅಂದ್ರೆ ಆ ಕಾಗದ ಇರ್ಲೇಬೇಕು, "ಅಂಥದ್ದು ನಮ್ಮಲ್ಲಿಲ್ಲ" ಅಂತ ಹಿಂಬರಹ ಬಂದ್ರೆ ನಿಯಮ ಪಾಲಿಸಿಲ್ಲ ಅಂತ ಅವರೇ ಬರೆದುಕೊಟ್ಟಂಗೆ. ರಾಜ್ಯದ ಯೂನಿವರ್ಸಿಟಿಗಳಿಗೆ ಇದರ ಜೊತೆಗೆ 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯೂ ಬರತ್ತೆ, ಅದನ್ನೂ ನೋಡ್ಕೊಳ್ಳಿ.

ಈಗ ಅರ್ಜಿ. ರಾಜ್ಯದ ಯೂನಿವರ್ಸಿಟಿ ಆದ್ರೆ ನಮೂನೆ ಎ ತುಂಬಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ, ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಡಿ. ಟಪಾಲು ವಿಭಾಗದಲ್ಲಿ ಕೈಯಾರೆ ಕೊಟ್ರೆ ನಿಮ್ಮ ಪ್ರತಿ ಮೇಲೆ ಸೀಲು, ದಿನಾಂಕ ಹಾಕಿಸ್ಕೊಂಡೇ ಬನ್ನಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಅಂತಿದೆ, ಮನಸ್ಸಲ್ಲಿರೋ ನೋವೆಲ್ಲ ತೋಡ್ಕೊಂಡ್ರೆ ಅದೇ ನೆಪ ಸಾಕು ವಾಪಸ್ ಬರೋಕೆ. ಯಾಕೆ ಕೇಳ್ತಿದ್ದೀರಿ ಅಂತ ಕಾರಣ ಹೇಳ್ಬೇಕಿಲ್ಲ.

"ನನ್ನನ್ನ ಯಾಕೆ ಸೆಲೆಕ್ಟ್ ಮಾಡ್ಲಿಲ್ಲ" ಅಂತ ಮಾತ್ರ ಬರೀಬೇಡಿ. ಕಾಯ್ದೆ ಕೊಡಿಸೋದು ಕಡತದಲ್ಲಿರೋ ದಾಖಲೆ, ವಿವರಣೆ ಅಲ್ಲ. ಹೀಗೆ ಬರೀರಿ: "ದಿನಾಂಕ ಇಂಥದ್ದರ ಅಧಿಸೂಚನೆಯಂತೆ ಇಂಥ ವಿಭಾಗದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಆಯ್ಕೆ ಕುರಿತು: 1) ಆಯ್ಕೆ ಸಮಿತಿ ಸಭೆಯ ನಡಾವಳಿಯ ದೃಢೀಕೃತ ಪ್ರತಿ. 2) ಸಂದರ್ಶನಕ್ಕೆ ಕರೆಯಲು ಅನುಸರಿಸಿದ ಮಾನದಂಡ ಮತ್ತು ಅದರಲ್ಲಿ ನನಗೆ ಬಂದ ಅಂಕ. 3) ಸಂದರ್ಶನದಲ್ಲಿ ನನಗೆ ನೀಡಿದ ಒಟ್ಟು ಅಂಕ, ಆಯ್ಕೆಯಾದವರು ಪಡೆದ ಒಟ್ಟು ಅಂಕ. 4) ಸಭೆಗೆ ಹಾಜರಿದ್ದ ಸದಸ್ಯರ ಸಂಖ್ಯೆ, ಅವರಲ್ಲಿ ಹೊರಗಿನ ವಿಷಯ ತಜ್ಞರೆಷ್ಟು." ಇಷ್ಟು ಸಾಕು.

ನಾಲ್ಕನೇದರಲ್ಲಿ ಹೆಸರು ಕೇಳ್ದೇ ಸಂಖ್ಯೆ ಕೇಳಿರೋದನ್ನ ಗಮನಿಸಿ. ಬಿಹಾರ ಲೋಕಸೇವಾ ಆಯೋಗದ ಕೇಸಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಸಂದರ್ಶಕರ ಹೆಸರು, ವಿಳಾಸ ಕೊಡ್ಬೇಕಿಲ್ಲ ಅಂದಿದೆ, ಅವರ ಸುರಕ್ಷತೆಗೆ ಧಕ್ಕೆ ಆಗಬಹುದು ಅಂತ. ಕೋರಂ ಇತ್ತಾ ಇಲ್ವಾ ತಿಳಿಯೋಕೆ ಹೆಸರು ಬೇಕಾಗೂ ಇಲ್ಲ.

ಈಗ ಜಾಸ್ತಿ ಅಡ್ಡ ಬರೋದು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂ, ಅಂದ್ರೆ ವೈಯಕ್ತಿಕ ಮಾಹಿತಿ ಅನ್ನೋ ವಿನಾಯಿತಿ. ಮೊದ್ಲು ಅದರಲ್ಲೇ ಸಾರ್ವಜನಿಕ ಹಿತಾಸಕ್ತಿಯ ಮಾತೂ ಇತ್ತು, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದಾಗಿ 2025ರ ನವೆಂಬರಿಂದ ಅದನ್ನ ಕತ್ತರಿಸಿ "ವೈಯಕ್ತಿಕ ಮಾಹಿತಿ" ಅಂತಷ್ಟೇ ಉಳಿಸಿದ್ದಾರೆ. ಸಾರ್ವಜನಿಕ ದುಡ್ಡಲ್ಲಿ ಸಂಬಳ ಕೊಡೋ ಹುದ್ದೆಗಳ ವಿಚಾರದಲ್ಲಿ ಇದು ನನ್ನ ಪ್ರಕಾರ ತುಂಬಾ ಕೆಟ್ಟ ಬದಲಾವಣೆ. ಆದ್ರೂ ಕೈ ಚೆಲ್ಲಬೇಡಿ, 8(2) ಕಲಂ ಇನ್ನೂ ಇದೆ, ಗುಟ್ಟಿಡೋದರಿಂದ ಆಗೋ ಲಾಭಕ್ಕಿಂತ ಸಾರ್ವಜನಿಕ ಹಿತ ದೊಡ್ಡದಾದ್ರೆ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು ಅಂತ. ಕಲಂ 10ರಲ್ಲಿ ಕೊಡಬಾರದ ಭಾಗ ಮರೆಮಾಡಿ ಉಳಿದಿದ್ದು ಕೊಡ್ಬೇಕು ಅಂತಿದೆ. ಅರ್ಜಿ ಕೊನೆಗೆ ಒಂದು ಸಾಲು ಸೇರಿಸಿ: "ಅಗತ್ಯವಿದ್ದಲ್ಲಿ ಇತರರ ಹೆಸರು, ವಿಳಾಸ ಮರೆಮಾಡಿ ಕಲಂ 10ರಂತೆ ನೀಡುವುದು." ಈ ಸಾಲಿದ್ರೆ ಇಡೀ ಕಾಗದವನ್ನೇ ಇಲ್ಲ ಅನ್ನೋದು ಕಷ್ಟ ಆಗತ್ತೆ.

"ಪ್ರಕ್ರಿಯೆ ಚಾಲ್ತಿಯಲ್ಲಿದೆ" ಅಂತಲೂ ಉತ್ತರ ಬರಬಹುದು, ಬರೀ ಆ ಮಾತೊಂದು ಕಲಂ 8ರಲ್ಲಿರೋ ವಿನಾಯಿತಿ ಅಲ್ಲ. ಆದ್ರೂ ಮಾನದಂಡವನ್ನ ಮೊದಲೇ ಕೇಳಿ, ನಡಾವಳಿ ಮತ್ತು ಅಂಕವನ್ನ ಅಂತಿಮ ಪಟ್ಟಿ ಹೊರಬಿದ್ದ ಕೂಡ್ಲೇ ಕೇಳಿ, ಓಡಾಟ ಕಮ್ಮಿ ಆಗತ್ತೆ. ಕೋರ್ಟಿಗೆ ಹೋಗೋ ಯೋಚನೆ ಇದ್ರೆ ಆರ್‌ಟಿಐ ಉತ್ತರ ಬರ್ಲಿ ಅಂತ ಕಾಯ್ತಾ ಕೂರ್ದೆ ವಕೀಲರನ್ನ ಆಗಲೇ ನೋಡಿ.

ಉತ್ತರಕ್ಕೆ 30 ದಿನ ಟೈಮು. ಅದು ದಾಟಿದ್ರೆ ಮಾಹಿತಿ ಉಚಿತವಾಗಿ ಕೊಡ್ಬೇಕು. ಉತ್ತರ ಬರ್ಲಿಲ್ಲ ಅಥವಾ ಸರಿಯಿಲ್ಲ ಅಂದ್ರೆ ಮುಂದಿನ 30 ದಿನದೊಳಗೆ ಅದೇ ಯೂನಿವರ್ಸಿಟಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ, ಅಲ್ಲೂ ಆಗ್ಲಿಲ್ಲ ಅಂದ್ರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥದ್ದಾದ್ರೆ ಎರಡನೇ ಮೇಲ್ಮನವಿ ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ ಹೋಗತ್ತೆ. ಸರಿಯಾದ ಕಾರಣ ಇಲ್ದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕೋ ಅಧಿಕಾರ ಆಯೋಗಕ್ಕಿದೆ, ದಂಡ ಹಾಕಿ ಅಂತ ಮೇಲ್ಮನವಿಯಲ್ಲೇ ಬರೀರಿ. ಜೊತೆಗೆ ಕಡತ ಪರಿಶೀಲನೆಗೆ ಅವಕಾಶ ಕೊಡಿ ಅಂತಲೂ ಕೇಳಿ, ಜೆರಾಕ್ಸ್ ಪ್ರತಿಯಲ್ಲಿ ಕಾಣದ ತಿದ್ದು, ಬಣ್ಣ ಬೇರೆ ಇರೋ ಶಾಯಿ, ಖಾಲಿ ಬಿಟ್ಟ ಸಹಿ ಜಾಗ ಮೂಲ ಹಾಳೆ ಕೈಗೆ ಬಂದಾಗ ಮಾತ್ರ ಕಾಣೋದು.