ಮಗಳ ಎಫ್‌ಡಿ ಬಡ್ಡಿ ಯಾರ ತಲೆಗೆ? ಬೇರೆಯಾದ ಅಪ್ಪ-ಅಮ್ಮನ ರಿಟರ್ನ್ ಸರಿಹೊಂದಿಸಿದ್ದು

ಬೇರೆ ಬೇರೆ ಇರುವ ಗಂಡ-ಹೆಂಡತಿ ಮಗುವಿನ ಲೆಕ್ಕಕ್ಕೆ ಕಿತ್ತಾಡುತ್ತ ಬಂದರೆ, ರಿಟರ್ನ್ ತುಂಬಿಕೊಡುವ ನಾನು ಮೊದಲು ಕೇಳುವುದು, ಆದಾಯ ತೆರಿಗೆಯ ಯಾವ ರೆಜಿಮ್, ಹಳೆಯದೋ ಹೊಸದೋ? ಹೊಸದಾದರೆ ಸ್ಕೂಲ್ ಫೀಸಿಗೆ 80ಸಿ ಕಡಿತ ಇಲ್ಲ, ಮಗುವಿನ ಆದಾಯ ಸೇರಿಸಿಕೊಂಡವರಿಗೆ 10(32)ರಲ್ಲಿ ಸಿಗುವ 1,500 ರೂಪಾಯಿ ವಿನಾಯಿತಿಯೂ ಇಲ್ಲ. ಅರ್ಧ ಜಗಳ ಅಲ್ಲೇ ಮುಗಿಯಿತು. ಹಳೆಯದಾದರೂ ಅಪ್ಪನ ಪಿಎಫ್ಫೇ 80ಸಿಯ ಒಂದೂವರೆ ಲಕ್ಷದ ಮಿತಿ ತುಂಬಿಸಿದ್ದರೆ ರಸೀದಿ ಇಟ್ಟುಕೊಂಡು ಅವರಿಗೇನು ಲಾಭ?

ಕಡಿತ ಫೀಸು ಕಟ್ಟಿದವರಿಗೆ ಮಾತ್ರ. ಒಂದೇ ರಸೀದಿಯ ಜೆರಾಕ್ಸ್ ಇಬ್ಬರೂ ಹಾಕಿದರೆ ಒಬ್ಬರಿಗೆ ಬಿಸಿ ಮುಟ್ಟೇ ಮುಟ್ಟುತ್ತದೆ. ಈಗ ನಾನು ಕಟ್ಟುವಾಗಲೇ ಎರಡು ಖಾತೆಯಿಂದ ಕಟ್ಟಿಸಿ ಎರಡು ರಸೀದಿ ತರಿಸುತ್ತೇನೆ. 1.10 ಲಕ್ಷದ ಬಿಲ್ಲಿನಲ್ಲಿ ಟ್ಯೂಷನ್ ಫೀ ಎಂದು ಸಿಗುವುದು 70 ಸಾವಿರದ ಆಸುಪಾಸು. ವ್ಯಾನು, ಯೂನಿಫಾರ್ಮು, ಡೆವಲಪ್‌ಮೆಂಟ್ ಫೀ ಲೆಕ್ಕಕ್ಕಿಲ್ಲ. ತಾತ ಕಟ್ಟಿದ್ದರೆ ಯಾರಿಗೂ ಇಲ್ಲ.

ನಿಜವಾದ ದುಡ್ಡಿರುವುದು ಎಫ್‌ಡಿಯಲ್ಲಿ. ಮಂಡ್ಯದ ಕಡೆ ತಾತಂದಿರು ಹೆದ್ದಾರಿಗೆ ಹೋದ ಜಮೀನಿನ ಪರಿಹಾರದಲ್ಲಿ ಮೊಮ್ಮಗಳ ಹೆಸರಿಗೆ ಹತ್ತು ಲಕ್ಷ ಇಟ್ಟುಬಿಡುತ್ತಾರೆ. ಗಾರ್ಡಿಯನ್ ಅಮ್ಮ, ಪ್ಯಾನೂ ಅಮ್ಮನದ್ದೇ. 7 ಪರ್ಸೆಂಟಿಗೆ ವರ್ಷಕ್ಕೆ 70 ಸಾವಿರ ಬಡ್ಡಿ, 7 ಸಾವಿರ ಟಿಡಿಎಸ್ (ಬ್ಯಾಂಕೇ ಮೊದಲು ಮುರಿದುಕೊಳ್ಳುವ ತೆರಿಗೆ). ಮಗು ಮೈಸೂರಿನಲ್ಲಿ ಅಮ್ಮನ ಜೊತೆ. "ಸಾಕೋರು ಅವ್ರೇ ಅಲ್ವೇನ್ರೀ, ಅವ್ರಿಗೇ ಕ್ಲಬ್ ಮಾಡಿ" (ಅಂದರೆ ಬಡ್ಡಿಯನ್ನು ಅಮ್ಮನ ಆದಾಯಕ್ಕೇ ಸೇರಿಸಿ) ಎಂದರು ಜೊತೆ ಕೆಲಸ ಮಾಡುವವರೆಲ್ಲ. ಮಗುವಿನ ಆದಾಯ ಯಾರಿಗೆ ಸೇರಬೇಕೆಂದು ಹೇಳುವ 64(1ಎ) ಓದಿದವರು ಹಾಗನ್ನುವುದಿಲ್ಲ. ಡಿವೋರ್ಸ್ ಡಿಕ್ರಿ ಆಗುವ ತನಕ ಮದುವೆ ಇದ್ದೇ ಇದೆ, ಜುಡಿಷಿಯಲ್ ಸೆಪರೇಷನ್ (ಕೋರ್ಟು ಒಪ್ಪಿದ ಬೇರೆ ವಾಸ) ಆಗಿದ್ದರೂ ಅಷ್ಟೇ. ಆಗ ಈ ಬಡ್ಡಿ ಬಿಟ್ಟು ಯಾರ ಆದಾಯ ಹೆಚ್ಚೋ ಅವರಿಗೇ ಸೇರಬೇಕು. ಸಾಕುವವರು ಯಾರು ಎಂಬ ಪ್ರಶ್ನೆ ಡಿಕ್ರಿ ಆದಮೇಲಿನದು. (ಸೆಕ್ಷನ್‌ಗಳೆಲ್ಲ 1961ರ ಕಾಯ್ದೆಯವು, 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆಯ ಸಂಖ್ಯೆ ಬೇರೆ.)

ಇಲ್ಲಿ ಹೆಚ್ಚು ಆದಾಯ ಅಪ್ಪನದು. ಅವರು 20 ಪರ್ಸೆಂಟ್ ಸ್ಲ್ಯಾಬಿನಲ್ಲಿದ್ದರೆ ಸೆಸ್ ಸೇರಿ 14 ಸಾವಿರ ಚಿಲ್ಲರೆ ತೆರಿಗೆ. ಅಮ್ಮನ ಪ್ಯಾನಿನಲ್ಲಿ ಕೂತ 7 ಸಾವಿರ ಸಿಗದಿದ್ದರೆ ಅಪ್ಪ ಸುಮ್ಮನಿರುತ್ತಾರೆಯೇ?

ಇಲ್ಲಿ ಮೂರು ದಾರಿ ಕೆಟ್ಟವು. ಮಗುವಿನ ಹೆಸರಲ್ಲಿ 15ಜಿ (ಟಿಡಿಎಸ್ ಮುರಿಯಬೇಡಿ ಎನ್ನುವ ಫಾರಂ) ಕೊಟ್ಟರೆ ಟಿಡಿಎಸ್ ನಿಂತಿತು, ತೆರಿಗೆ ನಿಲ್ಲಲಿಲ್ಲ. ಕೊನೆಗೆ ಮುಂಗಡ ತೆರಿಗೆ ಕಟ್ಟದ್ದಕ್ಕೆ 234ಬಿ, 234ಸಿ ಬಡ್ಡಿ ತೆತ್ತದ್ದಾಯಿತು. ಅಪ್ಪನ ರಿಟರ್ನಿಗೆ ಅಮ್ಮನ ಟಿಡಿಎಸ್ ನೇರವಾಗಿ ಎಳೆದರೆ 26ಎಎಸ್‌ಗೆ (ಪ್ಯಾನ್‌ವಾರು ಟಿಡಿಎಸ್ ಪಟ್ಟಿಗೆ) ತಾಳೆಯಾಗದೆ, ಇಲಾಖೆ ರಿಟರ್ನ್ ಪರಿಶೀಲಿಸಿ ಕಳಿಸುವ 143(1)ರಲ್ಲಿ ಡಿಮಾಂಡ್. ಟಿಡಿಎಸ್ ಬೇರೆಯವರ ಹೆಸರಿಗೆ ಹಾಕಿ ಎನ್ನುವ ರೂಲ್ 37ಬಿಎ(2)ರ ಡಿಕ್ಲರೇಷನ್ ಬ್ಯಾಂಕಿಗೆ ಕೊಟ್ಟರೆ ಎರಡು ಸಲ ವಾಪಸ್. ಕೌಂಟರಿನಲ್ಲಿ ಆ ರೂಲಿನ ಹೆಸರೇ ಯಾರೂ ಕೇಳಿರಲಿಲ್ಲ.

ಕೆಲಸ ಮಾಡಿದ್ದು ಮಗುವಿಗೇ ಪ್ಯಾನ್ ಮಾಡಿಸಿದ್ದು. ನೂರು ಚಿಲ್ಲರೆ ರೂಪಾಯಿ ಖರ್ಚು. ಕಾರ್ಡ್ ಬಂದ ತಕ್ಷಣ ಮಗುವಿನ ಕಸ್ಟಮರ್ ಐಡಿಗೆ ಸೇರಿಸಬೇಕು, ಎಫ್‌ಡಿ ರಿನ್ಯೂ ಆಗುವ ಮುಂಚೆ. ಆಮೇಲೆ ಅಪ್ಪನ ಐಟಿಆರ್-2ರಲ್ಲಿ ಎಸ್‌ಪಿಐ ಷೆಡ್ಯೂಲಿಗೆ (ಬೇರೆಯವರಿಂದ ಸೇರಿದ ಆದಾಯ ತೋರಿಸುವ ಪಟ್ಟಿ) ಮಗುವಿನ ಹೆಸರು, ಪ್ಯಾನ್, ಸಂಬಂಧ, ಮೊತ್ತ; ಟಿಡಿಎಸ್ ಷೆಡ್ಯೂಲಿನಲ್ಲಿ 'ಸೆಲ್ಫ್' ಬಿಟ್ಟು 'ಅದರ್ ಪರ್ಸನ್' ಒತ್ತಿ ಮಗುವಿನ ಪ್ಯಾನ್. ಇದೊಂದು ಡ್ರಾಪ್‌ಡೌನ್ ಮರೆತರೆ ಎಲ್ಲಾ ನೀರಿನಲ್ಲಿ ಹೋಮ. ಅಷ್ಟರಲ್ಲಿ ಅಮ್ಮನ ಪ್ಯಾನಿಗೆ ಹೋಗಿದ್ದ ಬಡ್ಡಿಗೆ ಆಕೆಯ ಎಐಎಸ್‌ನಲ್ಲಿ (ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ) ಬೇರೆ ಪ್ಯಾನಿಗೆ ಸೇರಿದ್ದು ಎಂದು ಫೀಡ್‌ಬ್ಯಾಕ್, ಆಕೆಯ ರಿಟರ್ನಿನಲ್ಲಿ ಆ ಟಿಡಿಎಸ್ ಇತರರ ಕಾಲಮ್ಮಿಗೆ. ಕ್ರೆಡಿಟ್ ಪೂರ್ತಿ ಸಿಕ್ಕಿತು, ನೋಟಿಸ್ ಇಲ್ಲ. ಅನುಮಾನ ಪಟ್ಟವರೇ ಈಗ ಫೋನ್ ಮಾಡಿ ಕೇಳುತ್ತಾರೆ. ಬ್ಯಾಂಕಿನಲ್ಲಿ ಯಾವ ಟೇಬಲಿಗೆ, ತಿಂಗಳ ಯಾವ ವಾರ ಹೋಗಬೇಕು ಎನ್ನುವುದನ್ನು ಮಾತ್ರ ಹೇಳಲ್ಲ.

ನಡುವೆ ಇನ್ನೊಂದು ಪ್ರಯೋಗ: ಎಫ್‌ಡಿ ಮೆಚ್ಯೂರ್ ಆದಾಗ ವರ್ಷಕ್ಕೆ ಒಂದೂವರೆ ಲಕ್ಷದಂತೆ ಸುಕನ್ಯಾ ಸಮೃದ್ಧಿಗೆ ತಿರುಗಿಸಿದೆ. ಅದರ ಬಡ್ಡಿಗೆ ತೆರಿಗೆಯೇ ಇಲ್ಲ, ಕ್ಲಬ್ ಮಾಡುವ ಮಾತೂ ಇಲ್ಲ. ಹುಡುಗಿಗೆ ಹತ್ತು ತುಂಬುವ ಮುಂಚೆ ಖಾತೆ ತೆರೆದಿರಬೇಕು, ಒಬ್ಬಳಿಗೆ ಒಂದೇ ಖಾತೆ. ಅಪ್ಪ-ಅಮ್ಮ ಒಬ್ಬರಿಗೊಬ್ಬರು ತಿಳಿಯದೆ ಎರಡು ತೆರೆದರೆ ಅದೇ ಹೊಸ ತಲೆನೋವು.

ಡಿಕ್ರಿ ಬಂದಮೇಲೆ ಬಡ್ಡಿಯನ್ನು ಅಮ್ಮನ ಕಡೆಗೆ ಸುಮ್ಮನೆ ಸರಿಸಬೇಡಿ. ಒಮ್ಮೆ ಒಬ್ಬರಿಗೆ ಸೇರಿದ್ದು ಇನ್ನೊಬ್ಬರಿಗೆ ಹೋಗಬೇಕಾದರೆ ಅಸೆಸಿಂಗ್ ಆಫೀಸರ್ (ತೆರಿಗೆ ಅಧಿಕಾರಿ) ಒಪ್ಪಬೇಕು, ಆ ಇನ್ನೊಬ್ಬರ ಮಾತು ಕೇಳಿದ ಮೇಲೆ. ಡಿಕ್ರಿಯ ಪ್ರತಿ, ಫೀಸ್ ರಸೀದಿ, ಮಗು ಯಾರ ಮನೆಯಲ್ಲಿದೆ ಎಂಬುದಕ್ಕೆ ದಾಖಲೆ ಸೇರಿಸಿ ರಿಟರ್ನಿಗೆ ಮೊದಲೇ ಪತ್ರ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.