ನಗರದ ನದಿಯ ಮೀನನ್ನು ನಾನು ಪರೀಕ್ಷಿಸುವ ಬಗೆ

ನದಿಯಲ್ಲಿ ಮೀನು ಸತ್ತು ತೇಲಿದರೆ ಸುದ್ದಿಯಾಗುತ್ತದೆ, ನೀರಿನ ಮಾದರಿ ಲ್ಯಾಬಿಗೆ ಹೋಗುತ್ತದೆ. ನಾನು ನೋಡುವುದು ಸಾಯದೆ ಉಳಿದ ಮೀನುಗಳನ್ನು. ಹುಟ್ಟಿನಿಂದ ಕೊಳಚೆಯಲ್ಲೇ ಉಸಿರಾಡಿದ ಮೀನಿನ ಮೈಯೊಳಗೆ ಏನಾಗಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು ಅನ್ನುವುದೇ ನನ್ನ ಹಟ.

ನಗರದ ಚರಂಡಿ ನದಿಗೆ ಸೇರುವ ಜಾಗಕ್ಕಿಂತ ಮೇಲೊಂದು ಕಡೆ, ಕೆಳಗೊಂದು ಕಡೆ ಬಲೆ ಹಾಕುತ್ತೇನೆ. ಎರಡೂ ಕಡೆ ಒಂದೇ ಜಾತಿಯ, ಆದಷ್ಟು ಒಂದೇ ಗಾತ್ರದ ಮೀನು ಸಿಗಬೇಕು. ನಡುವೆ ಒಡ್ಡು ಇದ್ದರೆ ಇನ್ನೂ ಒಳ್ಳೆಯದು, ಕೆಳಗಿನ ಮೀನು ಮೇಲಕ್ಕೆ ಹತ್ತಿ ಬಂದಿರಬಹುದೆಂಬ ಅನುಮಾನ ಕಡಿಮೆ.

ಕರಗಿದ ಆಮ್ಲಜನಕವನ್ನು ಬೆಳಕು ಹರಿಯುವ ಮುಂಚೆಯೇ ಅಳೆಯುತ್ತೇನೆ. ಮಧ್ಯಾಹ್ನ ಪಾಚಿ ಆಮ್ಲಜನಕ ಬಿಡುತ್ತಿರುವುದರಿಂದ ಮೀಟರು ನದಿ ಚೆನ್ನಾಗಿದೆ ಎಂದೇ ತೋರಿಸುತ್ತದೆ. ಅದೇ ಪಾಚಿ, ಬ್ಯಾಕ್ಟೀರಿಯಾಗಳ ಜೊತೆ ಸೇರಿ, ಇರುಳೆಲ್ಲ ಅದನ್ನು ಹೀರಿಬಿಡುತ್ತದೆ. ಬಹುಪಾಲು ಮೀನುಗಳಿಗೆ ಲೀಟರಿಗೆ 5 ಮಿಲಿಗ್ರಾಂ ಆಸುಪಾಸಾದರೂ ಬೇಕು. ನಸುಕಿನಲ್ಲಿ ಅದು 2ಕ್ಕಿಂತ ಕೆಳಗಿಳಿದಿರಬಹುದು.

ತೂಕವನ್ನು ಉದ್ದದ ಘನದಿಂದ ಭಾಗಿಸಿ ಮೀನಿನ ಮೈಕಟ್ಟು ಲೆಕ್ಕ ಹಾಕುವುದು ವಾಡಿಕೆ. ಅದೊಂದನ್ನೇ ನಂಬಬೇಡಿ. ಕೊಳಚೆ ಸೇರಿದ ನೀರಿನಲ್ಲಿ ಕೆಂಪು ಹುಳುಗಳಿಗೆ ಬರವಿಲ್ಲ, ತಿಂದ ಮೀನು ದುಂಡಗೇ ಇರುತ್ತದೆ.

ನಾನು ಮೊದಲು ತೆಗೆಯುವುದು ಕಿವಿರು. ಸತ್ತ ಮೇಲೆ ಬೇಗ ಹಾಳಾಗುವ ಅಂಗ ಅದು, ಕೂಡಲೇ ಫಾರ್ಮಲಿನ್‌ಗೆ ಹಾಕಬೇಕು. ಸೂಕ್ಷ್ಮದರ್ಶಕದಡಿ ಆರೋಗ್ಯವಂತ ಕಿವಿರು ಬಾಚಣಿಗೆಯ ಹಲ್ಲುಗಳ ಹಾಗೆ ಬಿಡಿಬಿಡಿಯಾಗಿ ಕಾಣುತ್ತದೆ. ಚರಂಡಿಯ ಕೆಳಗಿನ ಮೀನಿನಲ್ಲಿ ಆ ಎಸಳುಗಳ ಹೊದಿಕೆ ದಪ್ಪಗಾಗಿ, ಒಂದಕ್ಕೊಂದು ಅಂಟಿ, ನಡುವಿನ ಸಂದೇ ಮುಚ್ಚಿಹೋಗಿರುತ್ತದೆ. ವಿಷ ಒಳಗೆ ಬಾರದಿರಲೆಂದು ಮೈ ತಾನೇ ಕಟ್ಟಿಕೊಂಡ ತಡೆ ಇದು, ಆದರೆ ಆಮ್ಲಜನಕಕ್ಕೂ ಅದೇ ತಡೆ. ಬೇಸಿಗೆಯಲ್ಲಿ ಕಷ್ಟ ಇಮ್ಮಡಿ: ನೀರು ಬಿಸಿಯಾದಷ್ಟೂ, ಪಿಎಚ್ ಏರಿದಷ್ಟೂ ಕೊಳಚೆಯಲ್ಲಿರುವ ಅಮೋನಿಯದ ವಿಷ ಹೆಚ್ಚುತ್ತದೆ, ಬಿಸಿ ನೀರಿನಲ್ಲಿ ಆಮ್ಲಜನಕ ಕರಗುವುದೂ ಕಡಿಮೆ.

ನನ್ನನ್ನು ತುಂಬ ಕಾಡುವುದು ವೃಷಣದ ಸ್ಲೈಡ್. ಒತ್ತೊತ್ತಾಗಿ ಚುಕ್ಕೆಗಳಂತಿರುವ ವೀರ್ಯಕೋಶಗಳ ನಡುವೆ, ಅವಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ, ದುಂಡನೆಯ ಎಳೆ ಮೊಟ್ಟೆ ಕೂತಿರುತ್ತದೆ. ಗಂಡು ಮೀನಿನೊಳಗೆ! ಇಂಗ್ಲೆಂಡಿನ ನದಿಗಳ ರೋಚ್ ಮೀನುಗಳಲ್ಲಿ ಇದು ವ್ಯಾಪಕವಾಗಿದೆ ಎಂದು 1998ರಲ್ಲೇ ಪ್ರಕಟವಾಗಿತ್ತು. ಮನುಷ್ಯರ ಮೂತ್ರದಲ್ಲಿ ಹೋಗುವ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು, ಗರ್ಭನಿರೋಧಕ ಮಾತ್ರೆಯ ಹಾರ್ಮೋನು ಶುದ್ಧೀಕರಣ ಘಟಕವನ್ನು ದಾಟಿಯೂ ಉಳಿಯುವುದು ಇದಕ್ಕೆ ಮುಖ್ಯ ಕಾರಣ. ಕೆನಡಾದಲ್ಲಿ 2001ರಿಂದ ಮೂರು ವರ್ಷ ಒಂದು ಪ್ರಯೋಗದ ಕೆರೆಗೆ ಮಾತ್ರೆಯ ಹಾರ್ಮೋನನ್ನು ಲೀಟರಿಗೆ 5-6 ನ್ಯಾನೋಗ್ರಾಂನಷ್ಟು ಬೆರೆಸಿದರು. ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಮೀನಿನ ಸಂತತಿ ಹೆಚ್ಚುಕಡಿಮೆ ಅಳಿದೇಹೋಯಿತು. ಮೀನುಗಳು ಸತ್ತು ರಾಶಿಯಾಗಿ ತೇಲಲಿಲ್ಲ, ಮರಿಗಳು ಹುಟ್ಟುವುದು ನಿಂತಿತು ಅಷ್ಟೇ. ಹಾರ್ಮೋನು ಬೆರೆಸುವುದು ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಸಂತತಿ ಚೇತರಿಸಿಕೊಂಡಿತು. ಈ ಮಾತನ್ನು ನಾನು ಎಲ್ಲ ಸಭೆಗಳಲ್ಲೂ ಹೇಳುತ್ತೇನೆ.

ಸ್ಲೈಡಿಗೆ ಮೀನನ್ನು ಕೊಲ್ಲಲೇಬೇಕು. ಹಾಗಾಗಿ ಈಗ ಮೊದಲು ಗಂಡು ಮೀನುಗಳ ರಕ್ತ ಮಾತ್ರ ತೆಗೆದು ವೈಟೆಲೋಜೆನಿನ್ ಇದೆಯೇ ನೋಡುತ್ತೇನೆ. ಮೊಟ್ಟೆಯ ಹಳದಿ ಭಾಗ ಕಟ್ಟಲು ಹೆಣ್ಣಿನ ಯಕೃತ್ತು ತಯಾರಿಸುವ ಪ್ರೋಟೀನು ಅದು. ಗಂಡಿನ ರಕ್ತದಲ್ಲಿ ಅದು ಹೇರಳವಾಗಿ ಸಿಕ್ಕರೆ ನೀರಿನಲ್ಲಿ ಹಾರ್ಮೋನಿನಂಥ ವಸ್ತು ಇದೆ ಎಂದೇ ಲೆಕ್ಕ. ರಕ್ತ ಕೊಟ್ಟ ಮೀನನ್ನು ಬಕೆಟ್ಟಿನಲ್ಲಿ ಸುಧಾರಿಸಿಕೊಳ್ಳಲು ಬಿಟ್ಟು, ಹಿಡಿದ ಜಾಗದಲ್ಲೇ ನದಿಗೆ ಬಿಡುತ್ತೇನೆ.